ಲೀಸ್‌ಗೆ ಸೂಪರ್‌ಕಾರು: ಇಳಿಯುವ ಬೆಲೆಯ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ನಮ್ಮ ಕಡೆ ‘ಲೀಸ್’ ಎಂದರೆ ಮನೆ ಲೀಸ್. ಐದೋ ಹತ್ತೋ ಲಕ್ಷ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಮನೆ ಬಿಡುವ ದಿನ ಕೊಟ್ಟ ಹಣವನ್ನು ಪೂರ್ತಿ ವಾಪಸ್ ಪಡೆಯುವ ಏರ್ಪಾಡು ಅದು. ಹಿರಿಯರು ಇದನ್ನೇ ಭೋಗ್ಯ ಎನ್ನುತ್ತಿದ್ದರು. ಕಳೆದ ತಿಂಗಳು ನನ್ನ ಅಕ್ಕನ ಮಗ, ರಿಯಾಯಿತಿ ದರದ ಸೂಪರ್‌ಕಾರೊಂದನ್ನು 36 ತಿಂಗಳ ಲೀಸ್‌ಗೆ ಪಡೆಯುವ ಒಪ್ಪಂದದ ಕರಡನ್ನು ಹಿಡಿದು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಾಗ, ಜೊತೆಯಲ್ಲಿದ್ದ ಅಕ್ಕ ಆಡಿದ ಮೊದಲ ಮಾತು, ‘ಲೀಸ್ ತಾನೇ, ಬಿಡುವಾಗ ದುಡ್ಡು ಬಂದೇ ಬರುತ್ತೆ’ ಎಂಬುದು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನಗೆ ಸಾಧ್ಯವಾಗಲಿಲ್ಲ. ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲೆಡೆ ಇಂಥ ಕಾರುಗಳ ಲೀಸ್ ಜಾಹೀರಾತು ಕಾಣಿಸುತ್ತಿರುವುದರಿಂದ, ನನಗೆ ತಿಳಿದಷ್ಟನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ನಾನು ಇಪ್ಪತ್ತೆರಡು ವರ್ಷಗಳಿಂದ ವಾಹನ ವಿಮೆಯ ಸರ್ವೇಯರ್ ಆಗಿದ್ದೇನೆ. ಅಪಘಾತಕ್ಕೀಡಾದ ವಾಹನವನ್ನು ಪರಿಶೀಲಿಸಿ, ನಷ್ಟವನ್ನು ಅಂದಾಜು ಮಾಡಿ ವಿಮಾ ಕಂಪನಿಗೆ ವರದಿ ಕೊಡುವುದು ನನ್ನ ಕಸುಬು. ಮೊದಲೆಲ್ಲ ಟೊಮೆಟೊ ತುಂಬಿದ ಕ್ಯಾಂಟರ್‌ಗಳು, ರೇಷ್ಮೆಗೂಡು ಸಾಗಿಸುವ ಟೆಂಪೊಗಳು, ಟ್ರ್ಯಾಕ್ಟರ್‌ಗಳಷ್ಟೇ ನನ್ನ ಪಾಲಿಗೆ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ, ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟದತ್ತ ಹೊರಡುವ ಕೋಟಿಗಟ್ಟಲೆ ಬೆಲೆಯ ಕಾರುಗಳೂ ಬರುತ್ತಿವೆ. ಅವನ್ನು ಇಷ್ಟಪಡುವವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅಂಥ ಎಂಜಿನ್ ಒಂದರ ಮುಚ್ಚಳ ತೆರೆದು ನೋಡಿದ ಯಾವ ಮೆಕ್ಯಾನಿಕ್‌ಗೂ ಅದನ್ನು ಕಟ್ಟಿದವರ ಬಗ್ಗೆ ಗೌರವ ಮೂಡದೆ ಇರದು. ಆದರೆ ನನ್ನ ಅಕ್ಕನ ಮನೆಯವರು ಮಾರಿದ್ದು ಮೂರು ತಲೆಮಾರಿನ ದ್ರಾಕ್ಷಿ ತೋಟವನ್ನು. ಅದು ಈಗ ಲೇಔಟ್ ಆಗಿದೆ. ಕಂತು ಹೋಗಬೇಕಾಗಿರುವುದು ಆ ಹಣದಿಂದ.

ಕರಡಿನಲ್ಲಿದ್ದ ಲೆಕ್ಕ ಹೀಗಿದೆ. ಜಿಎಸ್‌ಟಿ ಬಿಟ್ಟು ಕಾರಿನ ಪಟ್ಟಿ ಬೆಲೆ 3 ಕೋಟಿ ರೂಪಾಯಿ, ರಿಯಾಯಿತಿ 45 ಲಕ್ಷ. ಹಾಗಾಗಿ ಲೆಕ್ಕ ಶುರುವಾಗುವುದು 2 ಕೋಟಿ 55 ಲಕ್ಷದಿಂದ. 36 ತಿಂಗಳ ಬಳಿಕ ಆ ಕಾರು 1 ಕೋಟಿ 50 ಲಕ್ಷ ಬಾಳುತ್ತದೆಂದು ಕಂಪನಿ ಬರೆದುಕೊಂಡಿದೆ. ಇದಕ್ಕೆ ಉಳಿಕೆ ಮೌಲ್ಯವೆಂದು ಹೆಸರು. ನಡುವೆ ಕರಗುವ 1 ಕೋಟಿ 5 ಲಕ್ಷವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2 ಲಕ್ಷ 92 ಸಾವಿರವಾಗುತ್ತದೆ. ಕಂಪನಿ ಹೂಡಿದ ಹಣಕ್ಕೆ ವರ್ಷಕ್ಕೆ ಶೇ 10ರ ಬಡ್ಡಿ ಬೇರೆ. ಆರಂಭದ ಬೆಲೆ ಮತ್ತು ಉಳಿಕೆ ಮೌಲ್ಯದ ಸರಾಸರಿಯ ಮೇಲೆ ಅದು ತಿಂಗಳಿಗೆ 1 ಲಕ್ಷ 69 ಸಾವಿರದಷ್ಟು. ಎರಡೂ ಸೇರಿ ಸುಮಾರು 4 ಲಕ್ಷ 60 ಸಾವಿರ. ಚಾಲಕನಿಲ್ಲದೆ ವಾಹನವನ್ನು ಲೀಸ್‌ಗೆ ಕೊಟ್ಟರೆ ಆ ವಾಹನದ ಮಾರಾಟಕ್ಕೆ ಅನ್ವಯಿಸುವ ದರದಲ್ಲೇ ಬಾಡಿಗೆಗೂ ಜಿಎಸ್‌ಟಿ ಬೀಳುತ್ತದೆ, ಮತ್ತು ದೊಡ್ಡ ಎಂಜಿನ್ನಿನ ಕಾರುಗಳಿಗೆ ಅದು ಈಗ ಶೇ 40. ಅಲ್ಲಿಗೆ ತಿಂಗಳ ಕಂತು 6 ಲಕ್ಷ 44 ಸಾವಿರಕ್ಕೆ ಮುಟ್ಟಿತು. ಮೂರು ವರ್ಷಕ್ಕೆ 2 ಕೋಟಿ 32 ಲಕ್ಷ. ವಿಮೆ, ಟೈರು, ನೋಂದಣಿಯ ಖರ್ಚು ಇದರಲ್ಲಿ ಸೇರಿಲ್ಲ. ಮೂರು ವರ್ಷ ಮುಗಿದ ಮೇಲೆ ಕಾರು ಕಂಪನಿಯದು. ಅಕ್ಕ ‘ಬಂದೇ ಬರುತ್ತೆ’ ಎಂದುಕೊಂಡಿದ್ದ ಹಣ 30 ಲಕ್ಷದ ಭದ್ರತಾ ಠೇವಣಿ ಮಾತ್ರ. ಗೀರು, ತರಚು, ಹೆಚ್ಚುವರಿ ಕಿಲೋಮೀಟರುಗಳ ಶುಲ್ಕ ಕಳೆದು ಉಳಿದಷ್ಟು ಅದರಲ್ಲಿ ಬರುತ್ತದೆ. ವರ್ಷಕ್ಕೆ ಹಾಕಿದ್ದ ಮಿತಿ 5,000 ಕಿಲೋಮೀಟರು. ಇಲ್ಲಿಂದ ಬೆಂಗಳೂರಿಗೆ ಹೋಗಿಬರಲು 120 ಕಿಲೋಮೀಟರು ಹಿಡಿಯುವ ಊರಿನವರಿಗೆ, ವಾರಕ್ಕೊಂದು ಸಲ ಹೋದರೂ ಆ ಮಿತಿ ಮುಗಿದುಹೋಗುತ್ತದೆ.

ಇಷ್ಟನ್ನೂ ತಿಳಿದು ಒಪ್ಪುವವರಿದ್ದರೆ ಅದು ಅವರ ಹಣ, ಅವರ ಇಷ್ಟ. ನನ್ನ ಕಣ್ಣು ನಿಂತದ್ದು ಒಪ್ಪಂದದ ಕೊನೆಯ ಹಾಳೆಗಳಲ್ಲಿದ್ದ ಒಂದು ಷರತ್ತಿನ ಮೇಲೆ. ಅವಧಿ ಮುಗಿದ ಬಳಿಕ ಕಾರು ಉಳಿಕೆ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾದರೆ, ಆ ವ್ಯತ್ಯಾಸವನ್ನು ಲೀಸ್ ಪಡೆದವರೇ ತುಂಬಿಕೊಡತಕ್ಕದ್ದು ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮ ಹುಡುಗ ಬಿ.ಕಾಂ. ಓದಿದವನು, ಇಂಗ್ಲಿಷ್ ಚೆನ್ನಾಗಿಯೇ ಬಲ್ಲ. ಆದರೂ ಆ ಸಾಲನ್ನು ಎರಡು ಸಲ ಓದಿ, ತಲೆಯೆತ್ತಿ ನನ್ನ ಮುಖ ನೋಡಿದ.

ಲೀಸ್‌ನಲ್ಲಿ ಎರಡು ಬಗೆಯಿವೆ. ಒಂದರಲ್ಲಿ, ಅವಧಿ ಮುಗಿದ ದಿನ ಕೀಲಿ ಕೊಟ್ಟು ಬಂದರೆ ಮುಗಿಯಿತು. ಕಾರಿನ ಬೆಲೆ ಪಾತಾಳಕ್ಕಿಳಿದರೂ ಅದು ಕಂಪನಿಯ ತಲೆನೋವು. ಇನ್ನೊಂದರಲ್ಲಿ, ಬೆಲೆ ಇಳಿದಷ್ಟೂ ನಿಮ್ಮ ಜೇಬಿಗೆ ಕತ್ತರಿ. ಮೊದಲ ಬಗೆಯಲ್ಲಿ ಉಳಿಕೆ ಮೌಲ್ಯವನ್ನು ಎಷ್ಟು ಹೆಚ್ಚಾಗಿ ಬರೆದರೂ ನಿಮಗೆ ಲಾಭವೇ, ಏಕೆಂದರೆ ಕಂತು ಇಳಿಯುತ್ತದೆ. ಎರಡನೆಯ ಬಗೆಯಲ್ಲಿ ಅದೇ ಅಂಕಿ ಉರುಳಾಗುತ್ತದೆ: ಇಂದು ಕಂತು ಕಡಿಮೆ ಕಂಡಷ್ಟೂ ಕೊನೆಯ ದಿನ ಬಾಕಿ ಹೆಚ್ಚು. ರಿಯಾಯಿತಿಗೂ ಇದಕ್ಕೂ ಇರುವ ನಂಟು ಬಹಳ ಜನರಿಗೆ ಹೊಳೆಯುವುದಿಲ್ಲ. ಈ ಕರಡಿನ 1 ಕೋಟಿ 50 ಲಕ್ಷ, 3 ಕೋಟಿಯ ಪಟ್ಟಿ ಬೆಲೆಯ ಅರ್ಧ. ಆದರೆ ಹೊಸ ಕಾರನ್ನೇ ಮಾರಾಟಗಾರರು 2 ಕೋಟಿ 55 ಲಕ್ಷಕ್ಕೆ ಕೊಡುತ್ತಿರುವಾಗ, ಹಳೆಯದನ್ನು ಕೊಳ್ಳಲು ಬರುವವನು ಪಟ್ಟಿ ಬೆಲೆಯನ್ನು ನೋಡುವುದೇ ಇಲ್ಲ. ಹೊಸದಕ್ಕೆ ನಿಜವಾಗಿ ಎಷ್ಟು ಕೊಟ್ಟಿರಿ ಎಂದು ಕೇಳುತ್ತಾನೆ. ಅದರ ಅರ್ಧವೆಂದರೆ 1 ಕೋಟಿ 27.5 ಲಕ್ಷ. ಕಾರಿಗೆ ಒಂದು ಗೀರೂ ಬೀಳದಿದ್ದರೂ 22.5 ಲಕ್ಷ ಕೊರತೆ. ಕೊಟ್ಟ ರಿಯಾಯಿತಿಯ ಅರ್ಧ ಭಾಗ ಹಾಗೆಯೇ ಹಿಂದಕ್ಕೆ ಹೋಯಿತು.

ರಿಯಾಯಿತಿ ಏಕೆ ಬಂತೆಂದು ಕೇಳುವುದೂ ಅಷ್ಟೇ ಮುಖ್ಯ. ಹುಡುಗ ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ ಕಾರಿನ ಚಿತ್ರಗಳಲ್ಲಿ ಒಂದನ್ನು ಹಿಗ್ಗಿಸಿ ಟೈರಿನ ಪಕ್ಕೆ ನೋಡಿದೆ. ಅಂಡಾಕಾರದ ಗೆರೆಯೊಳಗೆ 1824 ಎಂಬ ಅಂಕಿಯಿತ್ತು. ಮೊದಲ ಎರಡು ಅಂಕಿ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಆ ಟೈರು 2024ರ 18ನೇ ವಾರದ್ದು. ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಆ ಕಾರು ಕೊಳ್ಳುವವರಿಲ್ಲದೆ ಗೋದಾಮಿನಲ್ಲಿ ನಿಂತಿದೆ ಎಂದು ಅದರಿಂದಲೇ ಊಹಿಸಿದೆ, ಆಮೇಲೆ ವಿಚಾರಿಸಿದಾಗ ಅದು ಖಚಿತವೂ ಆಯಿತು. ನಮ್ಮಲ್ಲಿ ಆರ್‌ಸಿಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ನೀವು ಯಾವ ದಿನ ಕೀಲಿ ಪಡೆದಿರೆಂಬುದು ಏನೇ ಇರಲಿ, ಮರುಮಾರಾಟದಲ್ಲಿ ಎದುರಿನವನು ಬೆರಳಿಟ್ಟು ತೋರಿಸುವುದು ಆ ವರ್ಷವನ್ನೇ.

ಎಲ್ಲ ಸೂಪರ್‌ಕಾರುಗಳ ಬೆಲೆಯೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಫೆರಾರಿ ಬೇಡಿಕೆಗಿಂತ ಕಡಿಮೆ ಕಾರುಗಳನ್ನು ತಯಾರಿಸುವ ಪದ್ಧತಿಯನ್ನು ಬಿಟ್ಟಿಲ್ಲ. 2024ರಲ್ಲಿ ಇಡೀ ಜಗತ್ತಿಗೆ ಅದು ಕೊಟ್ಟದ್ದು 13,752 ಕಾರು. ಪೋರ್ಷೆ 911 ಕೂಡ ಬೆಲೆ ಉಳಿಸಿಕೊಳ್ಳುವ ಕಾರೆಂದು ಹೆಸರು ಮಾಡಿದೆ. ಅದೇ ಮೆಕ್ಲಾರೆನ್, 2014ರಿಂದ ಈಚೆಗೆ 650ಎಸ್, 570ಎಸ್, 720ಎಸ್, 750ಎಸ್ ಎಂದು ಒಂದರ ಹಿಂದೊಂದು ಮಾದರಿ ತರುತ್ತ ಬಂದು, ಹಿಂದಿನದನ್ನು ಬೇಗ ಹಳತಾಗಿಸಿತು; ಓಟದಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ ಆ ಕಾರುಗಳು ಮರುಮಾರಾಟದಲ್ಲಿ ಹೆಚ್ಚು ಪೆಟ್ಟು ತಿನ್ನುತ್ತವೆ. ಹಾಗಾಗಿ ರಿಯಾಯಿತಿ ಸಿಗುವುದು ಸಾಮಾನ್ಯವಾಗಿ ಬೆಲೆ ಬೇಗ ಇಳಿಯುವ ಕಾರಿಗೇ. ಕೈಕಟ್ಟಿ ಸರದಿಯಲ್ಲಿ ಕಾಯಬೇಕಾದ ಕಾರಿಗೆ ಯಾರೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ಸರ್ಕಾರದ ನಿರ್ಧಾರಗಳಿಂದಲೇ ಬೆಲೆ ಬೀಳುವ ಸಂದರ್ಭಗಳಿವೆ, ಅದು ಕಾರಿನ ತಪ್ಪಲ್ಲ, ಮಾಲೀಕನ ತಪ್ಪೂ ಅಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಮುನ್ನ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಸೇರಿ ಶೇ 48ರಿಂದ 50ರವರೆಗೆ ತೆರಿಗೆಯಿತ್ತು. ಆ ದಿನದಿಂದ ಅದು ಶೇ 40 ಆಯಿತು. ಆಗಸ್ಟಿನಲ್ಲಿ ಕೊಂಡವನ ಕಾರಿನ ಮರುಮಾರಾಟ ಬೆಲೆ ಒಂದೇ ರಾತ್ರಿಯಲ್ಲಿ ಜಾರಿತು. ಅದಕ್ಕೂ ಮೊದಲು, 2025ರ ಜುಲೈ 24ರಂದು, ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಆಗ ಶೇ 100ಕ್ಕೂ ಹೆಚ್ಚಿದ್ದ ಕಾರಿನ ಆಮದು ಸುಂಕವನ್ನು, ನಿಗದಿತ ಸಂಖ್ಯೆಯ ಕಾರುಗಳ ಮಿತಿಯೊಳಗೆ, ಹಂತ ಹಂತವಾಗಿ ಶೇ 10ಕ್ಕೆ ಇಳಿಸುವುದು ಅದರಲ್ಲಿ ಸೇರಿದೆ. ಮೆಕ್ಲಾರೆನ್, ಆಸ್ಟನ್ ಮಾರ್ಟಿನ್, ಲೋಟಸ್ ಮೂರೂ ಇಂಗ್ಲೆಂಡಿನ ಕಾರುಗಳು. ಹೊಸ ಕಾರು ಅಗ್ಗವಾದಂತೆ ಹಳೆಯ ಸುಂಕ ಕೊಟ್ಟು ತಂದ ಕಾರಿನ ಗತಿ ಏನಾದೀತು ಎಂಬುದನ್ನು, ಇಂದು 36 ತಿಂಗಳ ಒಪ್ಪಂದಕ್ಕೆ ಸಹಿ ಹಾಕುವವರು ಯೋಚಿಸಲೇಬೇಕು. ಕಂಪನಿಗಳು ಇದನ್ನು ಯೋಚಿಸಿಯೇ ಆ ಷರತ್ತನ್ನು ಬರೆದಿರುತ್ತವೆ ಎಂದು ನನ್ನ ಅನಿಸಿಕೆ.

ಇಂಥ ಕಾರು ಕೆಟ್ಟು ನಿಲ್ಲದೆ ಓಡುತ್ತದೆಂದು ಎಷ್ಟು ನಂಬಬಹುದು ಎಂಬ ಮಾತಿಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ನಂದಿ ಗ್ರಾಮದ ಸಮೀಪ ಅಂಥ ಕಾರೊಂದರ ಪರಿಶೀಲನೆಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಹಾಕಿದ್ದ, ಬಿಳಿ ಪಟ್ಟೆ ಬಳಿಯದ ಹಂಪ್ ಒಂದನ್ನು ಅದು ಹತ್ತಿ ಇಳಿದಿತ್ತು. ವೇಗವೇನೂ ಹೆಚ್ಚಿರಲಿಲ್ಲ. ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಹಿಡಿದು ನೋಡಿದರೆ, ತಳದ ಕಾರ್ಬನ್ ಹಲಗೆ ನಾಲ್ಕು ಬೆರಳಗಲ ಸೀಳಿತ್ತು. ಅದರ ಮೇಲಿನ ರೇಡಿಯೇಟರ್ ಕೊಳವೆಯ ಹಿಡಿಕೆ ತಿರುಚಿಕೊಂಡು, ಗುಲಾಬಿ ಬಣ್ಣದ ಕೂಲಂಟ್ ಹನಿಹನಿಯಾಗಿ ಕೆಮ್ಮಣ್ಣಿನ ಮೇಲೆ ಇಳಿಯುತ್ತಿತ್ತು. ಸಾಧಾರಣ ಕಾರಾಗಿದ್ದರೆ ಮಧ್ಯಾಹ್ನದೊಳಗೆ ಚಿಕ್ಕಬಳ್ಳಾಪುರದ ಯಾವುದಾದರೂ ಗ್ಯಾರೇಜಿನಲ್ಲಿ ಕೆಲಸ ಮುಗಿಯುತ್ತಿತ್ತು. ಇದನ್ನು ಹಗ್ಗ ಕಟ್ಟಿ ಎಳೆಯುವಂತೆಯೂ ಇರಲಿಲ್ಲ. ಬೆಂಗಳೂರಿನಿಂದ ಫ್ಲ್ಯಾಟ್‌ಬೆಡ್ ಲಾರಿ ಬರುವವರೆಗೆ ಮಾಲೀಕರು ಹುಣಸೆಮರದ ನೆರಳಿನಲ್ಲಿ ಕೂತಿದ್ದರು. ಬಿಡಿಭಾಗ ಹೊರದೇಶದಿಂದ ಬಂದು ಕಾರು ಮತ್ತೆ ರಸ್ತೆಗಿಳಿಯಲು ಹನ್ನೊಂದು ವಾರ ಹಿಡಿಯಿತು. ಲೀಸ್‌ನಲ್ಲಿ, ಕಾರು ಗ್ಯಾರೇಜಿನಲ್ಲಿದ್ದರೂ ಕಂತು ನಿಲ್ಲುವುದಿಲ್ಲ. ನಮ್ಮ ಹುಡುಗನ ಕಂತಿನ ಲೆಕ್ಕದಲ್ಲಿ ಆ ಹನ್ನೊಂದು ವಾರಗಳ ಬೆಲೆ 16 ಲಕ್ಷ.

ಕೆಟ್ಟು ನಿಲ್ಲುವುದೆಂದರೆ ಎಂಜಿನ್ ಒಡೆಯುವುದೆಂದು ಜನ ತಿಳಿಯುತ್ತಾರೆ. ನಾನು ಕಂಡಂತೆ ಈ ಕಾರುಗಳ ಎಂಜಿನ್ ಗಟ್ಟಿಯಾದದ್ದೇ. ಲ್ಯಾಂಬೊರ್ಗಿನಿ ಹುರಾಕಾನ್‌ನ 5.2 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ ಆಡಿ ಆರ್8ನಲ್ಲೂ ಇದ್ದದ್ದರಿಂದ, ವರ್ಷಗಟ್ಟಲೆ ಎರಡು ಕಾರುಗಳಲ್ಲಿ ಪಳಗಿ ಒಳ್ಳೆಯ ಹೆಸರು ಗಳಿಸಿತು. ಹೋಂಡಾ ಎನ್‌ಎಸ್‌ಎಕ್ಸ್ 1990ರಿಂದಲೇ ದಿನನಿತ್ಯ ಓಡಿಸಬಹುದಾದ ಸೂಪರ್‌ಕಾರೆಂದು ಮನ್ನಣೆ ಪಡೆದಿತ್ತು. ತೊಂದರೆ ಕೊಡುವುದು ಸಣ್ಣ ವಿಷಯಗಳು. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದು ಬಾಗಿಲೇ ತೆರೆಯದಿರುವುದು, ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುವುದು, ಸೆನ್ಸರ್ ಒಂದು ಕೈಕೊಟ್ಟು ಇಡೀ ಗೇರ್‌ಬಾಕ್ಸ್ ಮುಷ್ಕರ ಹೂಡುವುದು, ಇವೇ ಹೆಚ್ಚು. ಈಚಿನ ಫೆರಾರಿ 296, ಮೆಕ್ಲಾರೆನ್ ಆರ್ಟುರಾ, ಹುರಾಕಾನ್‌ನ ಜಾಗಕ್ಕೆ ಬಂದ ಲ್ಯಾಂಬೊರ್ಗಿನಿ ಟೆಮೆರಾರಿಯೊಗಳಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು, ದೊಡ್ಡ ಬ್ಯಾಟರಿ ಸೇರಿಕೊಂಡಿವೆ. ವಾರಂಟಿ ಮುಗಿದ ಮೇಲೆ ಅವುಗಳ ಖರ್ಚು ಹೊರುವುದು ಹುಡುಗಾಟವಲ್ಲ. ಪೆಟ್ರೋಲಿನ ಮಾತೂ ಇದೆ. ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳಿಗೆ ಎರಡು ಸಲ ಹೊರಡುವ ಕಾರಿನ ಟ್ಯಾಂಕಿನಲ್ಲಿ ಅದು ಕೂತೇ ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಇ10 ಎಂದಷ್ಟೇ ಇದ್ದರೆ, ನಾಳೆ ಇಂಧನ ವ್ಯವಸ್ಥೆ ಕೆಟ್ಟಾಗ ವಾರಂಟಿಯ ಮಾತು ಹೇಗೆ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ವಾರಂಟಿ ಎಂದಿನಿಂದ ಶುರು ಎಂಬುದನ್ನೂ ಕೇಳಬೇಕು. ಗೋದಾಮಿನಲ್ಲಿ ನಿಂತ ಕಾರಿನ ಗಡಿಯಾರ ಆಗಲೇ ಓಡಲು ಶುರುವಾಗಿದ್ದರೆ, ಲೀಸ್‌ನ ಕೊನೆಯ ವರ್ಷದ ರಿಪೇರಿ ನಿಮ್ಮ ಕೊರಳಿಗೆ ಬೀಳುತ್ತದೆ.

ವಿಮೆ ಇದೆಯಲ್ಲ ಎಂದು ಹುಡುಗ ಕೇಳಿದ. ಇದು ನನ್ನದೇ ಕ್ಷೇತ್ರವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾ ಕಂಪನಿ ಒಪ್ಪುವ ವಾಹನದ ಮೌಲ್ಯ, ಅಂದರೆ ಐಡಿವಿ, ವಯಸ್ಸಿನೊಂದಿಗೆ ಇಳಿಯುತ್ತದೆ: ಒಂದರಿಂದ ಎರಡು ವರ್ಷದ ವಾಹನಕ್ಕೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40 ಕಡಿತ. ಕಾರು ಪೂರ್ತಿ ನಾಶವಾದರೆ ಅಥವಾ ಕಳವಾದರೆ ಸಿಗುವುದು ಆ ಮೊತ್ತ. ಆದರೆ ಲೀಸ್ ಕಂಪನಿ ಕೇಳುವುದು ಉಳಿದ ಕಂತುಗಳನ್ನೂ ಉಳಿಕೆ ಮೌಲ್ಯವನ್ನೂ ಕೂಡಿಸಿದ ಮೊತ್ತವನ್ನು. ಇವೆರಡೂ ಒಂದಕ್ಕೊಂದು ಹೊಂದಬೇಕೆಂಬ ನಿಯಮವೇನೂ ಇಲ್ಲ. ಖರೀದಿ ಬೆಲೆಯನ್ನೇ ವಾಪಸ್ ಕೊಡುವ ಹೆಚ್ಚುವರಿ ರಕ್ಷಣೆಯನ್ನು ಪ್ರತ್ಯೇಕ ಹಣ ಕೊಟ್ಟು ಪಡೆದಿರಬೇಕು. ಬಿಡಿಭಾಗಗಳಲ್ಲೂ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ 50, ಫೈಬರ್‌ಗ್ಲಾಸ್‌ಗೆ ಶೇ 30 ಕಡಿತವಿದೆ. ಸೂಪರ್‌ಕಾರಿನ ಮೈತುಂಬ ಇರುವ ಕಾರ್ಬನ್ ಫೈಬರನ್ನು ಯಾವ ಸಾಲಿಗೆ ಸೇರಿಸಬೇಕೆಂಬ ವಾದ ನನ್ನ ಮೇಜಿನ ಮೇಲೆಯೇ ನಡೆದದ್ದುಂಟು, ಮತ್ತು ಆ ವಾದದ ಒಂದೊಂದು ತುದಿಯಲ್ಲೂ ಲಕ್ಷಗಟ್ಟಲೆ ರೂಪಾಯಿ ಇರುತ್ತದೆ.

ತೆರಿಗೆಯ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳುತ್ತೇನೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಇದನ್ನು ತಪ್ಪಿಸಲು ಹೊರರಾಜ್ಯದ ನೋಂದಣಿಯ ಕಾರನ್ನು ಲೀಸ್‌ಗೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬಾರದು. ಬೇರೆ ರಾಜ್ಯದಲ್ಲಿ ನೋಂದಾದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಇಲ್ಲಿನ ನೋಂದಣಿ ಪಡೆಯಲೇಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ ಸಾರಿಗೆ ಇಲಾಖೆ ಸುಮಾರು 1 ಕೋಟಿ 41 ಲಕ್ಷ ರೂಪಾಯಿ ವಸೂಲು ಮಾಡಿದ ಸುದ್ದಿಯನ್ನು ಓದುಗರು ಮರೆತಿರಲಾರರು.

ಹಾಗಾದರೆ ಲೀಸ್ ಬೇಡವೇ ಎಂದರೆ, ನಾನು ಹಾಗೆ ಹೇಳುವುದಿಲ್ಲ. ಬೆಲೆ ಇಳಿಕೆಯ ಹೊಣೆಯನ್ನು ಕಂಪನಿಯೇ ಹೊತ್ತು, ವಾರಂಟಿ ಕೊನೆಯ ದಿನದವರೆಗೂ ಇದ್ದು, ಕಾರು ದುರಸ್ತಿಯಲ್ಲಿರುವ ದಿನಗಳಿಗೆ ಕಂತಿನಲ್ಲಿ ವಿನಾಯಿತಿ ಸಿಗುವುದಾದರೆ, ಬೇಗ ಬೆಲೆ ಕಳೆದುಕೊಳ್ಳುವ ಕಾರನ್ನು ಕೊಳ್ಳುವುದಕ್ಕಿಂತ ಲೀಸ್‌ಗೆ ಪಡೆಯುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಳಿಯುವ ಬೆಲೆಯನ್ನು ಅದನ್ನು ತಡೆದುಕೊಳ್ಳಬಲ್ಲವರು ತಡೆದುಕೊಂಡಂತಾಗುತ್ತದೆ. ನನ್ನ ತಕರಾರು ಇರುವುದು, ಆ ಹೊಣೆಯನ್ನು ಓದಲಾಗದ ಹಾಳೆಯಲ್ಲಿ ಅಡಗಿಸಿ ಲೀಸ್ ಪಡೆಯುವವರ ಮೇಲೆ ಹೊರಿಸುವುದರ ಬಗ್ಗೆ ಮಾತ್ರ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆಗಳನ್ನು ಸಲ್ಲಿಸುತ್ತೇನೆ. ಕಾರು ಲೀಸ್ ಒಪ್ಪಂದದ ಮೊದಲ ಹಾಳೆಯಲ್ಲೇ, ಕನ್ನಡದಲ್ಲಿ, ರಿಯಾಯಿತಿಯ ಮುಂಚಿನ ಬೆಲೆ, ನಂತರದ ಬೆಲೆ, ಉಳಿಕೆ ಮೌಲ್ಯ, ಒಟ್ಟು ಕಂತಿನ ಮೊತ್ತ ಮತ್ತು ಕೊರತೆಯಾದರೆ ತುಂಬಬೇಕಾದವರು ಯಾರು ಎಂಬ ಐದು ವಿಷಯಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕು. ಲೀಸ್‌ನ ವಿವರವನ್ನು ಆರ್‌ಸಿಯಲ್ಲಿ ದಾಖಲಿಸಲು 34ನೇ ನಮೂನೆಗೆ ಇಬ್ಬರೂ ಹೇಗಿದ್ದರೂ ಸಹಿ ಹಾಕಿ ಆರ್‌ಟಿಒ ಕಚೇರಿಗೆ ಕೊಡಬೇಕು. ಅದರೊಂದಿಗೆ ಈ ಹಾಳೆಯ ಪ್ರತಿಯನ್ನೂ ಲಗತ್ತಿಸುವಂತೆ ಸಾರಿಗೆ ಇಲಾಖೆ ಸೂಚಿಸಿದರೆ ಯಾರಿಗೂ ಹೆಚ್ಚಿನ ಹೊರೆಯಾಗದು. ತಿಂಗಳ ಕಂತನ್ನು ಮಾತ್ರ ದೊಡ್ಡದಾಗಿ ತೋರಿಸುವ ಜಾಹೀರಾತುಗಳನ್ನು ಸ್ವೀಕರಿಸುವಾಗ, ಉಳಿಕೆ ಮೌಲ್ಯವನ್ನೂ ಅಷ್ಟೇ ಅಕ್ಷರಗಾತ್ರದಲ್ಲಿ ಹಾಕುವಂತೆ ತಾವೂ ಒತ್ತಾಯಿಸಬೇಕೆಂದು ವಿನಂತಿ.

ನಮ್ಮ ಹುಡುಗ ಅಂದೇ ರಾತ್ರಿ ನನ್ನ ಮೇಜಿನ ಬಳಿ ಕುಳಿತು ಕಂಪನಿಗೆ ಪತ್ರ ಬರೆದ. ಕೊರತೆ ತುಂಬುವ ಷರತ್ತನ್ನು ತೆಗೆದುಹಾಕಿದರೆ ಕಂತು ಎಷ್ಟಾಗುತ್ತದೆ, ವಾರಂಟಿ ಯಾವ ದಿನಾಂಕಕ್ಕೆ ಮುಗಿಯುತ್ತದೆ, ದುರಸ್ತಿಯ ದಿನಗಳಿಗೆ ವಿನಾಯಿತಿ ಇದೆಯೇ ಎಂದು ಕೇಳಿದ್ದಾನೆ. ಪತ್ರ ತಲುಪಿ ಇಂದಿಗೆ ಹತ್ತೊಂಬತ್ತು ದಿನ. ಉತ್ತರ ಬರುವವರೆಗೆ ಠೇವಣಿಯ ಚೆಕ್ಕನ್ನು ಅಕ್ಕ ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ವಾಹನ ವಿಮಾ ಸರ್ವೇಯರ್
ಚಿಕ್ಕಬಳ್ಳಾಪುರ